ಹಗ್ಗವಿಲ್ಲದ ಎರಡು ಹಿಡಿ

ವೇದಿಕೆಯ ನಡುವಿನ ಕುರ್ಚಿಯಲ್ಲಿ ಕುಳಿತಿರುವ ನಮ್ಮೂರ ಮಹಿಳಾ ಡೇರಿ ಸಂಘದ ಅಧ್ಯಕ್ಷರಾದ ಪುಟ್ಟಲಕ್ಷ್ಮಮ್ಮನವರೇ, ಇಪ್ಪತ್ತು ನಿಮಿಷ ನಿಂತು ಹೃದಯದ ವಿಚಾರವನ್ನು ಬಿಡಿಸಿ ಹೇಳಿದ ಹೈಸ್ಕೂಲಿನ ದೈಹಿಕ ಶಿಕ್ಷಕರಾದ ಬಾಲರಾಜು ಮೇಷ್ಟ್ರೇ, ಹೊಂಗನೂರಿನಿಂದಲೂ ಚನ್ನಪಟ್ಟಣದಿಂದಲೂ ಬಂದಿರುವ ಅತಿಥಿಗಳೇ, ಸಂಜೆಯ ಹಾಲು ಕರೆಯುವ ಹೊತ್ತಿಗೆ ಮನೆ ಸೇರಬೇಕೆಂಬ ಅವಸರದಲ್ಲಿಯೂ ಕದಲದೆ ಕುಳಿತಿರುವ ತಾಯಂದಿರೇ, ಹಿಂದೆ ಗೋಡೆಗೆ ಒರಗಿ ನಿಂತಿರುವ ಗಂಡಸರೇ, ಸಮಸ್ತ ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಅದರಲ್ಲಿ ಅರ್ಧ ನಿಮಿಷ ನಿಮ್ಮನ್ನು ಕರೆಯುವುದರಲ್ಲಿಯೇ ಕಳೆಯಿತು. ಚನ್ನಪಟ್ಟಣದ ಕಾಲೇಜಿನಲ್ಲಿ ನಾನು ಎರಡು ವರ್ಷ ಬೆಂಚು ಸವೆಸಿದ್ದೇನೆ. ಅಲ್ಲಿ ನಮ್ಮ ಇಂಗ್ಲಿಷ್ ಲೆಕ್ಚರರು, 'ಎ ಸ್ಪೀಚ್ ಮಸ್ಟ್ ಹ್ಯಾವ್ ಎ ಬಿಗಿನಿಂಗ್, ಎ ಮಿಡಲ್ ಅಂಡ್...' ಎಂದು ಹೇಳಿಕೊಟ್ಟಿದ್ದರು. ಮೂರನೆಯದು ಏನೆಂಬುದು ಈಗ ನೆನಪಿಲ್ಲ. ಆದ್ದರಿಂದ ನಾನು ನಿಲ್ಲಿಸದೇ ಹೋದರೆ ತಪ್ಪು ನನ್ನದಲ್ಲ, ನೆನಪಿನದು.

ಈ ದಿನ ಸಂಘದ ವಾರ್ಷಿಕೋತ್ಸವ. ನಲವತ್ತು ದಾಟಿದ ಹೆಂಗಸರಿಗೆ ಸ್ಕಿಪ್ಪಿಂಗ್ ಸ್ಪರ್ಧೆ. ಅದಕ್ಕೆ ಮುಂಚೆ ನನಗೆ ಸನ್ಮಾನ. ಏಕೆ ಸನ್ಮಾನ? ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿದೆ: 'ಹಳ್ಳಿಯ ಹೆಣ್ಣುಮಗಳ ಕೈಗೆ ಮೊದಲ ಬಾರಿಗೆ ಸ್ಕಿಪ್ಪಿಂಗ್ ಹಗ್ಗ ಕೊಟ್ಟು ಪ್ರೋತ್ಸಾಹಿಸಿದ ಶ್ರೀ ಕೆಂಪಯ್ಯನವರಿಗೆ'. ಆ ಹೆಣ್ಣುಮಗಳು ನನ್ನ ಮನೆಯವಳು, ದಿವಂಗತ ಕಾವೇರಮ್ಮ. ಪತ್ರಿಕೆಯನ್ನು ಮನೆಗೆ ತಂದುಕೊಟ್ಟಾಗ ನಾನು ಓದಿದೆ. ಮತ್ತೊಮ್ಮೆ ಓದಿದೆ. ಮಡಚಿ ಜೇಬಿನಲ್ಲಿಟ್ಟುಕೊಂಡೆ. ಬರುತ್ತೇನೆ ಎಂದೂ ಹೇಳಿದೆ. ಶಾಲು ಯಾರಿಗೆ ಬೇಡ?

ಭಾಷಣವನ್ನು ಎರಡು ಹಾಳೆ ಬರೆದುಕೊಂಡೂ ಬಂದಿದ್ದೇನೆ. 'ಹೆಲ್ತ್ ಈಸ್ ವೆಲ್ತ್' ಎಂದು ಶುರುವಾಗುತ್ತದೆ. ಆದರೆ ಸ್ವಲ್ಪ ಹೊತ್ತಿನ ಹಿಂದೆ ಬಾಲರಾಜು ಮೇಷ್ಟ್ರು ಸ್ಪರ್ಧೆಯ ಪಟ್ಟಿ ಓದಿದರು. ಒಟ್ಟು ಹನ್ನೆರಡು ಹೆಸರು. ಹನ್ನೆರಡನೆಯದು ದೊಡ್ಡಲಕ್ಷ್ಮಮ್ಮನದು. ಆಕೆ ಮೂರನೆಯ ಸಾಲಿನಿಂದ ಎದ್ದು, 'ನನ್ ಹೆಸ್ರು ಹೊಡ್ದಾಕಿ ಮೇಷ್ಟ್ರೇ. ಮನೇಲಿ ಹುಳ ನಾಕ್ನೇ ಜ್ವರಕ್ಕೆ ಕೂತವೆ, ನಾನ್ ಕುಣಿಯಂಗಿಲ್ಲ' ಎಂದಳು. ಮೇಷ್ಟ್ರು ಹೆಸರು ಹೊಡೆದುಹಾಕಿದರು. ಇಡೀ ಸಭೆ 'ಹೌದೌದು' ಎಂದು ತಲೆಯಾಡಿಸಿತು. ನೀವೆಲ್ಲ ತಲೆಯಾಡಿಸಿದ್ದನ್ನು ನಾನು ಇಲ್ಲಿಂದ ನೋಡಿದೆ. ಅಭ್ಯಾಸಬಲದಿಂದ ನಾನೂ ಆಡಿಸಿದೆ.

ಪೇಟೆಯಿಂದ ಬಂದ ಅತಿಥಿಗಳಿಗೆ ಒಂದು ಮಾತು. ರೇಷ್ಮೆ ಹುಳು ತನ್ನ ಆಯುಸ್ಸಿನಲ್ಲಿ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಮೇಯುವುದಿಲ್ಲ, ಕದಲುವುದಿಲ್ಲ, ತಲೆ ಎತ್ತಿಕೊಂಡು ಕೂತುಬಿಡುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಜ್ವರಕ್ಕೆ ಕೂತಾಗ ಹುಳುವನ್ನು ಅಲುಗಿಸಬಾರದು. ಇದು ಎಲ್ಲ ಕಡೆಯ ನಿಯಮ. ಆದರೆ ಜ್ವರಕ್ಕೆ ಕೂತಾಗ ಮನೆಯ ಹೆಂಗಸು ಸ್ಕಿಪ್ಪಿಂಗ್ ಆಡಬಾರದು ಎಂಬ ನಿಯಮ ಈ ಊರಿನಲ್ಲಿ ಮಾತ್ರ ಇದೆ. ಅದು ಎಲ್ಲಿಂದ ಬಂತು? ಈ ಪ್ರಶ್ನೆ ನನ್ನ ಎರಡು ಹಾಳೆಯಲ್ಲಿ ಇರಲಿಲ್ಲ. ಇರಲಿ, ಸರದಿಯಾಗಿ ಹೇಳುತ್ತೇನೆ.

ಎರಡು ಸಾವಿರದ ನಾಲ್ಕನೆಯ ಇಸವಿ. ನಮ್ಮ ಮನೆಯವಳಿಗೆ ಮೆಟ್ಟಿಲು ಹತ್ತಿದರೆ ಏದುಸಿರು. ಚನ್ನಪಟ್ಟಣದ ಡಾಕ್ಟರು ನೋಡಿ ಸಕ್ಕರೆ ಇದೆ, ಬಿ.ಪಿ. ಇದೆ ಎಂದರು. ಮಾತ್ರೆ ಬರೆದರು. 'ಇದ್ರ ಜೊತೆ ಕಾರ್ಡಿಯೋ ಮಾಡ್ಬೇಕಮ್ಮ' ಎಂದರು. ಬಸ್ಸು ಹೊಂಗನೂರು ದಾಟಿದ ಮೇಲೆ ಆಕೆ ಕೇಳಿದಳು: 'ಆ ಕಾರ್ಡಿಯೋನ ಊಟಕ್ಕೆ ಮುಂಚೆ ತಗಬೇಕಾ, ಆಮೇಲಾ?'

ನಾನು ಕಾಲೇಜು ಓದಿದವನಲ್ಲವೇ? ವಿವರಿಸಿದೆ. 'ಹಾರ್ಟ್ ಅನ್ನೋದು ಪಂಪ್‌ಸೆಟ್ ಇದ್ದಂಗೆ. ಮೋಟ್ರನ್ನ ದಿನಾ ಒಸಿ ಓಡಿಸ್ದಿದ್ರೆ ಒಳಗಡೆ ಕಚ್ಕತದೆ. ಅದ್ನ ಓಡ್ಸೋದೇ ಕಾರ್ಡಿಯೋ.' ಬಾಲರಾಜು ಮೇಷ್ಟ್ರು ಇಪ್ಪತ್ತು ನಿಮಿಷ ಹೇಳಿದ್ದೂ ಇದನ್ನೇ. ಅವರು ಚಾರ್ಟು ತೋರಿಸಿದರು, ನಾನು ಮೋಟರು ತೋರಿಸಿದೆ.

ಡಾಕ್ಟರು ಮೊದಲು ಹೇಳಿದ್ದು ನಡಿಗೆ. ಈಕೆ ನಡೆದಳು, ನಾಲ್ಕೇ ದಿನ. ನಮ್ಮ ಕಡೆ ಹೆಂಗಸು ತಲೆಯ ಮೇಲೆ ಹೊರೆಯಿಲ್ಲದೆ, ಕೈಯಲ್ಲಿ ಚೀಲವಿಲ್ಲದೆ ರಸ್ತೆಯಲ್ಲಿ ನಡೆದರೆ ಸುಮ್ಮನೆ ಬಿಡುತ್ತಾರೆಯೇ? 'ಕಾವೇರಕ್ಕ, ಯಾವೂರ್ಗೆ? ಮನೇಲಿ ಜಗಳ್ವಾ?' ನಾಲ್ಕನೆಯ ದಿನ ಪರಿಚಯದ ಹಾಲಿನ ವ್ಯಾನಿನವನು ಗಾಡಿ ನಿಲ್ಲಿಸಿ, ಬೇಡ ಬೇಡವೆಂದರೂ ಹತ್ತಿಸಿಕೊಂಡು ಹೊಂಗನೂರಿನಲ್ಲಿ ಇಳಿಸಿದ. ಅವನ ಲೆಕ್ಕದಲ್ಲಿ ಅದು ಮರ್ಯಾದೆ. ಬಸ್ಸಿನಲ್ಲಿ ಮನೆಗೆ ಬಂದು ಕಾಲು ನೀಡಿ ಕುಳಿತು ಹೇಳಿದಳು: 'ವಾಕಿಂಗ್ ಹೋದೋಳು ಟಿಕೀಟ್ ತಗಂಡು ಬಂದೆ. ಇನ್ ಸಾಕು.'

ಆಗ ನಮ್ಮ ಮಗಳು ದಿವ್ಯ ಬಿಡದಿಯ ಕೈಗಾರಿಕಾ ಪ್ರದೇಶದ ಒಂದು ಕಂಪನಿಗೆ ಸೇರಿ ವರ್ಷವಾಗಿತ್ತು. ಕಾರಿನ ವೈರು ಜೋಡಿಸುವ ಕೆಲಸ. ಬೆಳಿಗ್ಗೆ ಐದೂಮುಕ್ಕಾಲಿಗೆ ಫ್ಯಾಕ್ಟರಿ ಬಸ್ಸು ನಮ್ಮ ಅರಳಿಕಟ್ಟೆಯ ಮುಂದೆ ಹಾರ್ನ್ ಹೊಡೆಯುತ್ತಿತ್ತು. ಊರಿನ ಕೋಳಿಗಳಿಗೆ ಕೂಗುವ ಕೆಲಸವೇ ಉಳಿಯಲಿಲ್ಲ. ಆ ಕಂಪನಿಯಲ್ಲಿ ಒಂದು ದಿನ ಆರೋಗ್ಯದ ಕ್ಲಾಸು ಮಾಡಿ, ಸ್ಕಿಪ್ಪಿಂಗ್ ಹೇಳಿಕೊಟ್ಟರಂತೆ. ಬಂದು ತಾಯಿಗೆ ಹೇಳಿದಳು: 'ನಿಂತ್ ಜಾಗ್ದಲ್ಲೇ ಆಯ್ತದೆ ಕಣಮ್ಮ. ಯಾರೂ ವ್ಯಾನ್ ಹತ್ಸಲ್ಲ.'

ಅಂಗಡಿಯ ಪ್ಲಾಸ್ಟಿಕ್ ಹಗ್ಗ ತಂದಳು. ಬೆವರಿದ ಕೈಗೆ ಹಿಡಿ ಜಾರುತ್ತಿತ್ತು. ಆಗ ನಾನು ರಸೂಲನ ಬಳಿ ಹೋದೆ. ರಸೂಲ್ ಇಲ್ಲೇ ಎರಡನೆಯ ಸಾಲಿನಲ್ಲಿ ಕುಳಿತಿದ್ದಾನೆ, ಕಾಲೇಜಿನಲ್ಲಿ ನನ್ನ ಬೆಂಚಿನವನು. ನಾನು ಇಂಗ್ಲಿಷಿನಲ್ಲಿ ಫೇಲಾಗಿ ಹಿಪ್ಪುನೇರಳೆ ತೋಟಕ್ಕೆ ಬಂದೆ, ಅವನು ಪಾಸಾಗಿಯೂ ಅಪ್ಪನ ಲೇತಿಗೆ ಹೋದ. ಚನ್ನಪಟ್ಟಣದ ಬೊಂಬೆ ಮಾಡುವ ಕೈ. ಹಿಡಿ ಮಾಡಿಕೊಡು ಎಂದೆ. ಹಗ್ಗದ ಉದ್ದಕ್ಕೆ ಆಳಿನ ಎತ್ತರ ಬೇಕು ಎಂದ. ನಡುವೆ ತುಳಿದು ನಿಂತು ಎತ್ತಿದರೆ ಹಿಡಿ ಕಂಕುಳಿಗೆ ಬರಬೇಕಂತೆ. ನನಗೆ ಎತ್ತರ ಗೊತ್ತಿರಲಿಲ್ಲ. ಕೈಯನ್ನು ನನ್ನ ಗದ್ದದ ಹತ್ತಿರ ಹಿಡಿದು, ನಂತರ ಕಿವಿಯ ಹತ್ತಿರ ಹಿಡಿದು ನೋಡಿದೆ.

'ಏನ್ಲಾ ಕೆಂಪ, ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದೀಯ, ಹೆಂಡ್ತಿ ಎತ್ರ ಗೊತ್ತಿಲ್ವಾ? ಹುಳದ್ ತಟ್ಟೆ ಎಷ್ಟಗಲ ಹೇಳು?'

'ನಾಕಡಿ.'

'ಅದು ಮಾತ್ರ ಬಾಯಲ್ಲೇ ಐತೆ!'

ವಾಪಸು ಹೋಗಿ ಹಿಪ್ಪುನೇರಳೆ ಕಡ್ಡಿಯಲ್ಲಿ ಅಳೆದುಕೊಂಡು ಬಂದೆ. ಅವಳು ಅಳತೆಗೆ ನಿಂತು ನಗುತ್ತಿದ್ದಳು. ರಸೂಲ್ ಆಲೆಮರದ ಎರಡು ಹಿಡಿ ಕಡೆದು, ಕೆಂಪು ಹಳದಿ ಅರಗು ಹಚ್ಚಿ, ನೂಲಿನ ಹಗ್ಗ ಪೋಣಿಸಿಕೊಟ್ಟ. ಸಭಿಕರೇ, ಪತ್ರಿಕೆಯಲ್ಲಿ ಅಚ್ಚಾಗಿರುವುದು ಇಲ್ಲಿಯವರೆಗೆ ನಿಜ. ನಾನು ಇಲ್ಲಿಗೇ ನಿಲ್ಲಿಸಿದರೆ ಐದು ನಿಮಿಷಕ್ಕೆ ಸರಿಹೋಗುತ್ತದೆ.

ಎಲ್ಲಿ ಆಡುವುದು? ಅಂಗಳದಲ್ಲಿ ಸಾಧ್ಯವಿಲ್ಲ. ನಮ್ಮಲ್ಲಿ ಬಾಗಿಲು ಹಾಕಿಕೊಂಡರೆ ಯಾರೂ ಬಾರದ ಜಾಗ ಒಂದೇ, ಹುಳದ ಮನೆ. ಒಂದು ಬೆಳೆ ಮುಗಿದು ಮುಂದಿನ ಬೆಳೆ ಕಟ್ಟುವವರೆಗೆ ಅದು ಖಾಲಿ. ಕಾವೇರಮ್ಮ ನಾಟಿಗೆ ಇಳಿಯುವಾಗ ಕಟ್ಟುವ ಹಾಗೆ ಸೀರೆ ಎತ್ತಿ ಕಟ್ಟಿ ಅಲ್ಲಿ ಆಡತೊಡಗಿದಳು. ಮೊದಲ ದಿನ ನಾಲ್ಕು, ತಿಂಗಳಿಗೆ ನಲವತ್ತು, ಮೂರು ತಿಂಗಳಿಗೆ ನೂರು. ತೋಳು ಬೀಸಬಾರದು, ಮಣಿಕಟ್ಟು ತಿರುಗಿದರೆ ಸಾಕು. ಹಿಮ್ಮಡಿ ಊರಬಾರದು, ಮುಂಗಾಲಿನಲ್ಲಿಯೇ ಇಳಿಯಬೇಕು. ಎತ್ತರಕ್ಕೆ ಹಾರಬೇಕಿಲ್ಲ, ಹಗ್ಗ ಅಡಿಗೆ ನುಸುಳಿದರೆ ಸಾಕು. ಇವೆಲ್ಲ ನನಗೆ ಹೇಗೆ ಗೊತ್ತು ಎಂದು ಕೇಳಬೇಡಿ. ನಾನು ಒಮ್ಮೆಯೂ ಹಾರಿದವನಲ್ಲ.

ಆಮೇಲೆ ಒಬ್ಬೊಬ್ಬರಾಗಿ ಏಳು ಜನ ಬಂದರು. ಮೊದಲು ಬಂದವಳು ಈ ದೊಡ್ಡಲಕ್ಷ್ಮಮ್ಮನೇ. ಹಸುವಿನ ಕಣ್ಣಿಯನ್ನೇ ಬಿಚ್ಚಿಕೊಂಡು ಬಂದು, 'ನಮ್ ಹಸೀಗೆ ಇವತ್ತು ರಜಾ' ಎಂದು ನಗಿಸಿದಳು. ಆಕೆಗೂ ಬಿ.ಪಿ. ಸಂಜೆ ನಾಲ್ಕಕ್ಕೆ ಹುಳದ ಮನೆಯೊಳಗಿಂದ ನಗು ಕೇಳಿಸುತ್ತಿತ್ತು. ಗಂಡಸರು ಕಟ್ಟೆಯ ಮೇಲೆ, 'ಒಳಗೇನ್ ಬೊಂಬೆ ಕುಣಿಸ್ತಾ ಅವ್ರಾ?' ಎಂದು ಕೇಳುತ್ತಿದ್ದರು. ಆರು ತಿಂಗಳಿಗೆ ಕಾವೇರಮ್ಮನ ಸಕ್ಕರೆ ಇಳಿಯಿತು. ಡಾಕ್ಟರು ಒಂದು ಮಾತ್ರೆಯನ್ನು ಅರ್ಧ ಮಾಡಿದರು. 'ಬುಡಬ್ಯಾಡಿ, ಒಂದ್ ದಿನಾನೂ ಬುಡಬ್ಯಾಡಿ' ಎಂದರು, ನಮ್ಮ ಭಾಷೆಯಲ್ಲಿಯೇ.

ಹಾಗೆ ಹೇಳಿದ್ದರಿಂದ, ಮಾರನೆಯ ವರ್ಷದ ಕಾರ್ತಿಕದ ಬೆಳೆಯಲ್ಲಿ, ಮನೆಯ ತುಂಬ ಹುಳುವಿದ್ದಾಗ ಅವಳು ಪಕ್ಕದಲ್ಲಿ ಹಿಪ್ಪುನೇರಳೆ ಸೊಪ್ಪು ಕೂಡಿಡುವ ಕೋಣೆಯಲ್ಲಿ ಒಬ್ಬಳೇ ಆಡಿದಳು. ಆ ಸಲ ಇನ್ನೂರು ಚಿಟ್ಟೆಯ ಮೊಟ್ಟೆ ಕಟ್ಟಿದ್ದೆ. ಸರ್ಕಾರಿ ಕೇಂದ್ರದ ಮೊಟ್ಟೆ ಬರುವುದು ನಾಲ್ಕು ದಿನ ತಡ ಎಂದರು. ನನಗೆ ತಾಳ್ಮೆಯಿರಲಿಲ್ಲ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಹೊರಗೆ ಸಿಕ್ಕಿದ ಒಬ್ಬ, ಹೆಸರು ಊರು ಗೊತ್ತಿಲ್ಲದವನು, ಕೈಯಲ್ಲೇ ಇಟ್ಟುಕೊಂಡಿದ್ದ. ಕಾವೇರಮ್ಮ, 'ಗೊತ್ತು ಗುರಿ ಇಲ್ದೋರ್ ತಾವ ಮೊಟ್ಟೆ ತರಬ್ಯಾಡಿ' ಎಂದಿದ್ದಳು. ಆದರೂ ನಾನು ತಂದೆ.

ನಾಲ್ಕನೆಯ ಜ್ವರ. ಹುಳು ತಲೆ ಎತ್ತಿ ಕೂತಿವೆ. ಮನೆಯೊಳಗೆ ಸದ್ದಿಲ್ಲ. ಪಕ್ಕದ ಕೋಣೆಯಿಂದ ಟಪ್, ಟಪ್, ಟಪ್. ನನಗೆ ಸರಿಕಾಣಲಿಲ್ಲ. ಜ್ವರ ಎದ್ದಾಗ ಹುಳು ಒಂದು ದಪ್ಪ, ಒಂದು ಸಣ್ಣ. ಸೊಪ್ಪಿಗೆ ಬಾಯಿ ಹಾಕುತ್ತಿಲ್ಲ. ಮೈಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಚುಕ್ಕಿ. ಎರಡು ದಿನದಲ್ಲಿ ತಟ್ಟೆ ತಟ್ಟೆಯನ್ನೇ ಗುಂಡಿಗೆ ಸುರಿದು ಸುಣ್ಣ ಹಾಕಿದೆ. ತಿರುಗಿ ಬಂದು ಸೊಪ್ಪಿನ ಕೋಣೆಯಿಂದ ಹಗ್ಗ ಎಳೆದು ತಂದು, ಅಂಗಳದಲ್ಲಿ, ಆ ಏಳು ಜನರೂ ನೋಡುತ್ತಿರುವಾಗ, ಸೊಪ್ಪು ಕೊಯ್ಯುವ ಕುಡುಗೋಲಿನಿಂದ ಕತ್ತರಿಸಿದೆ.

'ಕುಣ್ದು ಕುಣ್ದು ಬೆಳೆ ತಿಂದ್ಬುಟ್ಟೆ' ಎಂದೆ.

ಅವಳು ಎರಡು ಹಿಡಿಯನ್ನು ಎತ್ತಿಕೊಂಡು ಒಳಗೆ ಹೋದಳು. ಉಳಿದವರು ತಮ್ಮ ತಮ್ಮ ಮನೆಗೆ ಹೋದರು. ಆ ಸಂಜೆ ಕಟ್ಟೆಯ ಮೇಲೆಯೂ ಹೇಳಿದೆ. ಕಾಲೇಜು ಓದಿದವನು ಹೇಳಿದ ಮಾತಲ್ಲವೇ, ಊರು ನಂಬಿತು. ಜ್ವರಕ್ಕೆ ಕೂತಾಗ ಕುಣಿಯಬಾರದು ಎಂಬ ಶಾಸ್ತ್ರ, ಸಭಿಕರೇ, ಹಿರಿಯರಿಂದ ಬಂದದ್ದಲ್ಲ. ನನ್ನ ಅಂಗಳದಿಂದ ಬಂದದ್ದು.

ನಾಲ್ಕು ದಿನ ಬಿಟ್ಟು ರೇಷ್ಮೆ ಇಲಾಖೆಯ ವಿಸ್ತರಣಾಧಿಕಾರಿಗಳ ಹತ್ತಿರ, ಎತ್ತಿಟ್ಟಿದ್ದ ಸತ್ತ ಹುಳು ತೆಗೆದುಕೊಂಡು ಹೋದೆ. ಅವರು ಅರೆದು, ಗಾಜಿನ ಮೇಲೆ ಹಚ್ಚಿ, ಸೂಕ್ಷ್ಮದರ್ಶಕದಲ್ಲಿ ನೋಡಿದರು. 'ಗಂಟು ರೋಗ. ಮೊಟ್ಟೆ ಎಲ್ಲಿ ತಂದ್ರಿ ಕೆಂಪಯ್ಯ? ಇದು ತಾಯಿ ಚಿಟ್ಟೆಯಿಂದ ಬರೋದು. ನಿಮ್ ಮನೆಗೆ ಬರೋಕ್ ಮುಂಚೇನೇ ಮೊಟ್ಟೆ ಒಳಗಿತ್ತು.'

ನಾನು ಕೇಳಿದೆ, 'ಜ್ವರಕ್ಕೆ ಕೂತಾಗ ಪಕ್ಕದ ಕೋಣೇಲಿ ಸದ್ದಾದ್ರೆ ಸಾರ್?'

'ಹುಳುಗೆ ಕಿವಿ ಎಲ್ಲೈತೆ ತೋರ್ಸ್ರೀ' ಎಂದರು. 'ತಟ್ಟೆ ಅಲುಗಿಸ್ಬೇಡಿ, ಅಷ್ಟೇ. ಪಕ್ಕದ ಕೋಣೇಲಿ ಮದ್ವೆ ಮಾಡಿ ಬೇಕಾದ್ರೆ.'

ಅಂದು ರಾತ್ರಿ ಊಟಕ್ಕೆ ಬಡಿಸುತ್ತ ಅವಳು ಕೇಳಿದಳು, 'ಆಪೀಸರ್ರು ಏನಂದ್ರು?'

ನಾನು, 'ಏನಿಲ್ಲ, ಹವಾ ಸರಿ ಇಲ್ಲ ಅಂದ್ರು' ಎಂದೆ.

'ಹೌದಾ' ಎಂದಳು. ಇನ್ನರ್ಧ ಮುದ್ದೆ ಹಾಕಿದಳು. ಆ 'ಹೌದಾ' ಎಂಬುದಕ್ಕೆ ಏನರ್ಥ? ನಂಬಿದ ಹೌದೇ? ನಂಬದ ಹೌದೇ? ಇಂಗ್ಲಿಷಿನಲ್ಲಿ ಇದಕ್ಕೆ 'ಯೆಸ್' ಎನ್ನುತ್ತಾರೋ 'ಈಸ್ ಇಟ್' ಎನ್ನುತ್ತಾರೋ ನನಗೆ ಇಂದಿಗೂ ಹೊಳೆದಿಲ್ಲ. ಮುದ್ದೆ ಮಾತ್ರ ತಿಂದೆ.

ಬಾಲರಾಜು ಮೇಷ್ಟ್ರು ಗಡಿಯಾರ ನೋಡಿಕೊಳ್ಳುತ್ತಿದ್ದಾರೆ. ಇನ್ನೊಂದೇ ಸಂಗತಿ ಮೇಷ್ಟ್ರೇ, ಕಾರ್ಡಿಯೋಗೆ ಸಂಬಂಧಪಟ್ಟದ್ದೇ.

ಮುಂದಿನ ಬೇಸಿಗೆಯಲ್ಲಿ ಒಂದು ದಿನ, ಮಟಮಟ ಮಧ್ಯಾಹ್ನ, ತೋಟಕ್ಕೆ ಹೋದವನು ಮೋಟರಿನ ಫ್ಯೂಜ್ ವೈರು ಮರೆತು ಹಿಂದಕ್ಕೆ ಬಂದೆ. ಹುಳದ ಮನೆ ಖಾಲಿ, ಬಾಗಿಲು ಮುಚ್ಚಿದೆ. ಊಜಿ ನೊಣ ಬಾರದಂತೆ ಕಿಟಕಿಗೆ ಹೊಡೆದ ಬಲೆಯಿಂದ ಒಳಗೆ ನೋಡಿದೆ. ಕಾವೇರಮ್ಮ ಸೀರೆ ಎತ್ತಿ ಕಟ್ಟಿ ನಿಂತಿದ್ದಾಳೆ. ಎರಡೂ ಕೈಯಲ್ಲಿ ರಸೂಲನ ಹಿಡಿಗಳು. ಹಗ್ಗವಿಲ್ಲ. ಮಣಿಕಟ್ಟು ತಿರುಗುತ್ತಿವೆ, ಮುಂಗಾಲು ಏಳುತ್ತಿವೆ, ಇಳಿಯುತ್ತಿವೆ. ನೆಲಕ್ಕೆ ಹಗ್ಗ ಬಡಿಯುವ ಸದ್ದಿಲ್ಲ. ಇಲ್ಲದ ಹಗ್ಗವನ್ನು ದಾಟುತ್ತಿದ್ದಾಳೆ.

ನಾನು ಎಣಿಸಿದೆ. ಏಕೆ ಎಣಿಸಿದೆ? ಗೊತ್ತಿಲ್ಲ. ಬೇರೇನು ಮಾಡಬೇಕೆಂದು ತಿಳಿಯದಿದ್ದಾಗ ರೈತ ಎಣಿಸುತ್ತಾನೆ. ನೂರಾ ನಲವತ್ತು. ಹಗ್ಗವಿದ್ದವರಿಗೆ ಕಾಲು ತಗಲಿ ನಡುವೆ ತಪ್ಪುತ್ತದೆ, ಹಗ್ಗವಿಲ್ಲದವಳಿಗೆ ತಪ್ಪುವುದೆಲ್ಲಿಂದ ಬಂತು? ಸುಸ್ತಾದಾಗ ತಾನಾಗಿ ನಿಂತಳು. ಸೆರಗಿನಿಂದ ಹಿಡಿಗಳನ್ನು ಒರೆಸಿದಳು. ನಾನು ಫ್ಯೂಜ್ ವೈರು ತೆಗೆದುಕೊಳ್ಳದೆ ತೋಟಕ್ಕೆ ಹೋದೆ.

ಒಂದು ಹಗ್ಗಕ್ಕೆ ಎಷ್ಟು ಮಹಾ? ಚನ್ನಪಟ್ಟಣಕ್ಕೆ ವಾರಕ್ಕೆ ಎರಡು ಸಲ ಹೋಗುತ್ತಿದ್ದೆ. ಹಗ್ಗ ತಂದರೆ, ಏಕೆ ತಂದೆ ಎಂದು ಹೇಳಬೇಕಾಗುತ್ತಿತ್ತು. ಹೇಳಿದರೆ ಆಪೀಸರ ಮಾತು ಬರುತ್ತಿತ್ತು, ಆ ಮಾತು ಬಂದರೆ ಮೊಟ್ಟೆಯ ಮಾತು ಬರುತ್ತಿತ್ತು. ನಾನು ತರಲಿಲ್ಲ. ಆಮೇಲೆಯೂ ಕೆಲವು ಮಧ್ಯಾಹ್ನ ಕಿಟಕಿಯ ಹತ್ತಿರ ನಿಂತದ್ದುಂಟು. ನೂರಾ ಹತ್ತು, ತೊಂಬತ್ತು, ಅರವತ್ತೈದು. ಒಬ್ಬಳೇ ಆಡಿದರೆ ಹುರುಪು ಇರುವುದಿಲ್ಲ, ಅದು ಸಹಜ. ನಮ್ಮದು ಜಿಲ್ಲೆಯಾದ ವರ್ಷ, ಆಗಸ್ಟು ತಿಂಗಳಲ್ಲಿ, ರಾಮನಗರದಲ್ಲಿ ಪಟಾಕಿ ಹೊಡೆದ ಮರುವಾರ, ಅವಳು ದನದ ಕೊಟ್ಟಿಗೆಯಲ್ಲಿ ಕುಸಿದಳು. ಹೃದಯ ಎಂದು ಬರೆದರು. ಹಗ್ಗ ಇದ್ದಿದ್ದರೆ ಬದುಕುತ್ತಿದ್ದಳೇ? ಡಾಕ್ಟರನ್ನು ಕೇಳಿದೆ. 'ಹಂಗೆಲ್ಲ ಹೇಳಕ್ಕಾಗಲ್ಲ ಕೆಂಪಯ್ಯ' ಎಂದರು. ನಾನೂ ಹೇಳುವುದಿಲ್ಲ. ಗೊತ್ತಿಲ್ಲದ್ದನ್ನು ಒಮ್ಮೆ ಅಂಗಳದಲ್ಲಿ ಹೇಳಿ ಸಾಕಾಗಿದೆ.

ಪ್ರೋತ್ಸಾಹ ಎಂದು ಪತ್ರಿಕೆಯಲ್ಲಿ ಇದೆಯಲ್ಲ, ಅದರ ವಿವರ ಇಷ್ಟು. ಅವಳು ಹೋದ ಈ ಎರಡು ವರ್ಷದಲ್ಲಿ ಇದನ್ನು ಹೇಳಲು ನನಗೆ ಯಾವ ಅವಸರವೂ ಇರಲಿಲ್ಲ. ಇವತ್ತೂ ಇರಲಿಲ್ಲ. ಆದರೆ ಒಬ್ಬಾಕೆ ತನ್ನ ಹೆಸರನ್ನು ತಾನೇ ಹೊಡೆಸಿಹಾಕಿದಳು, ನನ್ನ ಮಾತನ್ನು ನಂಬಿ, ನಾಲ್ಕು ವರ್ಷವಾದ ಮೇಲೂ. ಆಕೆಗೂ ಏದುಸಿರಿದೆ. ಕಳೆದ ವಾರ ಡೇರಿಯ ಮೂರು ಮೆಟ್ಟಿಲು ಹತ್ತಿ, ಹಾಲಿನ ಕ್ಯಾನು ಇಳಿಸಿ, ಗೋಡೆ ಹಿಡಿದು ನಿಂತದ್ದನ್ನು ನಾನು ನೋಡಿದ್ದೇನೆ. ನೋಡುವುದರಲ್ಲಿ ನನ್ನದು ಯಾವಾಗಲೂ ಎತ್ತಿದ ಕೈ.

ಅಧ್ಯಕ್ಷರೇ, ಈ ಶಾಲು ನಿಮ್ಮ ಮೇಜಿನ ಮೇಲೆಯೇ ಇರಲಿ. ಮೊದಲ ಬಹುಮಾನ ಎಂದು ಗೆದ್ದವರಿಗೆ ಕೊಡಿ.

ನನ್ನ ಜೇಬಿನಲ್ಲಿ ಇನ್ನೊಂದು ವಸ್ತು ಇದೆ. ಅವಳ ಹಿಡಿಗಳು. ಗೆದ್ದವರಿಗೆ ಕೊಡೋಣವೆಂದು ಮೊನ್ನೆ ರಸೂಲನ ಬಳಿ ತೆಗೆದುಕೊಂಡು ಹೋಗಿ ಹೊಸ ಹಗ್ಗ ಹಾಕಿಸಿದೆ. ಅರಗು ಅಂಗೈ ತಾಗುವ ಕಡೆ ಸವೆದು ಮರ ಕಾಣುತ್ತದೆ. ಬಣ್ಣ ಹಚ್ಚಲೇ ಎಂದ. ಬೇಡವೆಂದೆ. ಹಳೇ ಅಭ್ಯಾಸದಂತೆ, 'ಯಾರ್ ಎತ್ರಕ್ಕಲಾ?' ಎಂದ. 'ಯಾರ್ ಗೆಲ್ತಾರೋ ಯಾರಿಗ್ಗೊತ್ತು, ಉದ್ದ ಬುಡು' ಎಂದೆ. ಆದ್ದರಿಂದ ಉದ್ದವಿದೆ. ಕುಳ್ಳಗಿರುವವರು ಕೈಗೆ ಒಂದು ಸುತ್ತು ಸುತ್ತಿಕೊಳ್ಳಬೇಕು.

ದೊಡ್ಡಲಕ್ಷ್ಮಮ್ಮ, ಇಲ್ಲಿ ಕೇಳು. ತಲೆ ತಗ್ಗಿಸಬೇಡ, ತಗ್ಗಿಸಬೇಕಾದವನು ಮೈಕಿನ ಮುಂದೆ ನಿಂತಿದ್ದಾನೆ. ನಿನ್ನ ಮನೆಯಲ್ಲಿ ಹುಳು ಜ್ವರಕ್ಕೆ ಕೂತಿವೆ. ನಾಳೆ ಹೊತ್ತಿಗೆ ಏಳುತ್ತವೆ. ನೀನು ಇಲ್ಲಿ ಹಾರಿದರೂ ಏಳುತ್ತವೆ, ಹಾರದಿದ್ದರೂ ಏಳುತ್ತವೆ. ಮೊಟ್ಟೆ ಸರಿಯಾಗಿದ್ದರೆ. ಎಲ್ಲಿ ತಂದೆ ಮೊಟ್ಟೆ? ಸರ್ಕಾರಿ ಕೇಂದ್ರದ್ದೇ? ಹೌದೆಂದು ತಲೆಯಾಡಿಸುತ್ತಿದ್ದೀಯ. ಹಾಗಾದರೆ ಆಯಿತು. ನಿನಗೆ ನನಗಿಂತ ಬುದ್ಧಿಯಿದೆ. ಎದ್ದು ಬಾ. ಮೇಷ್ಟ್ರೇ, ಹೊಡೆದುಹಾಕಿದ ಹೆಸರನ್ನು ಮತ್ತೆ ಬರೆದುಕೊಳ್ಳಿ, ಹನ್ನೆರಡನೆಯದು.

ಇಷ್ಟು ಹೊತ್ತು ಕೇಳಿದ್ದಕ್ಕೆ, ಕೊಟ್ಟ ಐದು ನಿಮಿಷದ ಆಚೆಗೂ ಮೈಕು ಕಿತ್ತುಕೊಳ್ಳದಿದ್ದುದಕ್ಕೆ, ಸಂಘಕ್ಕೂ ನಿಮಗೂ ಕೃತಜ್ಞನಾಗಿದ್ದೇನೆ. ಕೊನೆಯದಾಗಿ ಒಂದು ಕೋರಿಕೆ. ಸ್ಪರ್ಧೆಯಲ್ಲಿ ಎಣಿಸುವುದಕ್ಕೆ ಒಬ್ಬರು ಬೇಕಾಗುತ್ತಾರೆ. ಆ ಕೆಲಸ ನನಗೆ ಕೊಡಿ. ಈ ಸಲ ಬಾಯಿ ಬಿಟ್ಟು ಎಣಿಸುತ್ತೇನೆ.

ನಮಸ್ಕಾರ.